ಮುನಿಲಕ್ಷ್ಮಮ್ಮ ಹೊಡೆದ ಗಂಟೆ

ಕೋಣನಕುಂಟೆಯ ಹಳೇ ಚರ್ಚಿನ ಗಂಟೆ ಕೇಳಿಯೇ ಮುನಿಲಕ್ಷ್ಮಮ್ಮ ಪ್ರಾಯದಲ್ಲಿ ಹೊಲದ ಕಳೆ ಬಿಟ್ಟೆದ್ದು ಮುದ್ದೆಗೆ ಎಸರಿಡುತ್ತಿದ್ದರು. ಒಳಗೆ ಮಾತ್ರ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಸಭೆಯವರು ದೊಡ್ಡ ಚರ್ಚು ಕಟ್ಟಿಕೊಂಡು ಹೋದಮೇಲೆ ಕಟ್ಟಡಕ್ಕೆ ಬೀಗ ಬಿತ್ತು. ಅದನ್ನು ಕೆಡವುತ್ತಾರೆಂಬ ಸುದ್ದಿ ಹಬ್ಬಿದಾಗ ಬೀದಿಯವರೆಲ್ಲ ದುಡ್ಡು ಹಾಕಿ ಕೊಂಡುಕೊಂಡರು. ಮೊದಲು ಹೂಂ ಅಂದವರು ಮುನಿಲಕ್ಷ್ಮಮ್ಮನೇ.

ಇಂದು ಅದು ಎಲ್ಲರ ಭವನವಾಗಿ ತೆರೆಯುವ ದಿನ. ಚಪ್ಪಲಿ ಬಿಟ್ಟು, ಹೊಸಿಲು ಮುಟ್ಟಿ ಕಣ್ಣಿಗೊತ್ತಿಕೊಂಡ ಮುನಿಲಕ್ಷ್ಮಮ್ಮ, ದೇವಸ್ಥಾನಕ್ಕೆ ಹೋದಾಗ ಮಾಡುವಂತೆಯೇ ಬಾಗಿಲ ಬಳಿ ತೂಗುತ್ತಿದ್ದ ಹಗ್ಗವನ್ನು ಜಗ್ಗಿಯೇಬಿಟ್ಟರು. ಢಣ್! ಪಾರಿವಾಳಗಳು ಹಾರಿದವು, ಬೀದಿಯೇ ಬೆಚ್ಚಿತು. ಹಿಂದಿನ ಗಲ್ಲಿಯಿಂದ ಸ್ಟೆಲ್ಲಾ ಮೇರಿ ಏದುಸಿರು ಬಿಡುತ್ತ ಓಡಿಬಂದರು. ಹೊತ್ತಲ್ಲದ ಹೊತ್ತಿನ ಒಂಟಿ ಗಂಟೆಯೆಂದರೆ ಅವರ ಸಭೆಯಲ್ಲಿ ಸಾವಿನ ಸುದ್ದಿ.

"ಯಾರು ತೀರ್ಕೊಂಡ್ರು ಅಕ್ಕಾ?"

"ಥೂ, ಬಿಡ್ತು ಅನ್ನು! ನಾನು ಒಳಕ್ಕೆ ಬಂದೆ ಕಣೇ, ಅಷ್ಟೇಯ. ನೀನೂ ಬಾ, ಬರ್ತಾ ಒಂದ್ಸಲ ಹೊಡಿ!"