ಕಿಟಕಿಯ ಹೊರಗೆ ಏನು ಕಾಣುತ್ತಿದೆ?

ಬೆಳಿಗ್ಗೆ ಆರಕ್ಕೆ ಹತ್ತು ನಿಮಿಷವಿದೆ. ಅಡುಗೆಮನೆಗೆ ಅಂಟಿಕೊಂಡ ಪುಟ್ಟ ಕೋಣೆಯಲ್ಲಿ ಇಸ್ತ್ರಿ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಹೆಡ್‌ಫೋನ್ ಸಿಕ್ಕಿಸಿಕೊಂಡು, ತರಗತಿಯವರೆಲ್ಲ ಸೌಂಡ್ ಅಕ್ಕ ಎಂದು ಕರೆಯುವ ಹೆಂಗಸು ಕುಳಿತಿದ್ದಾರೆ. ದುಡಿಯುವ ಜನಕ್ಕೆ ಹೊಸ ಭಾಷೆ ಕಲಿಸುವ ಆನ್‌ಲೈನ್ ತರಗತಿಯೊಂದರ ಬಾಗಿಲು ಕಾಯುವುದು ಇವರ ಕೆಲಸ. ಪಾಠ ಶುರುವಾಗುವುದು ಆರೂವರೆಗೆ. ಅಷ್ಟರೊಳಗೆ ನಲವತ್ತು ಜನರನ್ನು ಒಬ್ಬೊಬ್ಬರಾಗಿ ಒಳಗೆ ಬಿಟ್ಟುಕೊಂಡು, ಧ್ವನಿ ಕೇಳುತ್ತದೆಯೇ, ಮುಖ ಕಾಣುತ್ತದೆಯೇ ಎಂದು ನೋಡಿ ಪಟ್ಟಿಯಲ್ಲಿ ಬರೆದುಕೊಳ್ಳಬೇಕು. ಮೇಷ್ಟ್ರು ಬಂದ ಮೇಲೆ ಇವರೊಬ್ಬರು ಇದ್ದಾರೆಂಬುದೇ ಯಾರಿಗೂ ನೆನಪಿರುವುದಿಲ್ಲ.

"ಹಲೋ ಹಲೋ ಅಂದ್ರೆ ಏನೂ ಗೊತ್ತಾಗಲ್ಲ. ಉದ್ದಕ್ಕೆ ಒಂದು ಮಾತಾಡಿದ್ರೆ ತಾನೇ ಎಲ್ಲಿ ಕಟ್ ಆಗುತ್ತೆ ಅಂತ ತಿಳಿಯೋದು" ಎನ್ನುತ್ತಾರೆ ಅಕ್ಕ. ಅದಕ್ಕೇ ಐದು ವರ್ಷ ಎಲ್ಲರಿಗೂ ಕೇಳಿದ್ದು ಒಂದೇ ಪ್ರಶ್ನೆ: ಕಿಟಕಿಯ ಹೊರಗೆ ಏನು ಕಾಣುತ್ತಿದೆ? ಉತ್ತರ ಕಲಿಯುತ್ತಿರುವ ಭಾಷೆಯಲ್ಲೇ ಬರಬೇಕಿತ್ತು. ಒಬ್ಬರಿಗೆ ಬಸ್ಸು, ಇನ್ನೊಬ್ಬರಿಗೆ ಪಕ್ಕದ ಮನೆಯವರ ಒಗೆದ ಬಟ್ಟೆ. "ಊರಿನ ಕಿಟಕಿಯೆಲ್ಲ ವಿಚಾರಿಸ್ತಾಳೆ, ನಮ್ಮನೆ ಕಿಟಕಿ ಒರೆಸೋಕೆ ಮಾತ್ರ ಪುರುಸೊತ್ತಿಲ್ಲ" ಎಂದು ಗಂಡ ಕಾಲೆಳೆಯುತ್ತಿದ್ದರು.

ಈ ಪ್ರಶ್ನೆಯ ಬಗ್ಗೆ ಅಕ್ಕನಿಗೆ ಸ್ವಲ್ಪ ಜಂಬವೇ ಇತ್ತು. ಅದನ್ನು ಇಳಿಸಿದ್ದು ತರಗತಿಗೆ ಸೇರಿದ ಆಸ್ಪತ್ರೆಯ ಒಬ್ಬ ಆಯಾ. ಅಕ್ಕನಿಗಿಂತ ಎಂಟು ವರ್ಷ ದೊಡ್ಡವರಾದರೂ ಅವರೂ ಇವರನ್ನು ಅಕ್ಕಾ ಎಂದೇ ಕರೆಯುತ್ತಾರೆ. ಒಂಬತ್ತು ವರ್ಷ ತಾತ್ಕಾಲಿಕವಾಗಿ ದುಡಿದ ಅವರ ಕೆಲಸ ಕಾಯಂ ಆಗಬೇಕಾದರೆ ಹೊಸ ಭಾಷೆಯಲ್ಲಿ ಮಾತಿನ ಪರೀಕ್ಷೆ ಪಾಸಾಗಬೇಕಿತ್ತು. ಆದರೆ ಮೂರು ವಾರ ಅವರು ಬಾಯಿಯೇ ಬಿಡಲಿಲ್ಲ. ಕ್ಯಾಮೆರಾ ಮುಚ್ಚಿಕೊಂಡು, ಮೈಕ್ ಕೆಟ್ಟಿದೆ ಎಂದು ಬರೆದು ಕಳಿಸುತ್ತಿದ್ದರು.

"ಇಯರ್‌ಫೋನ್ ಎರಡು ಸಲ ಬದಲಾಯಿಸೋಕೆ ಹೇಳಿದೆ. ಫೋನ್ ಆಫ್ ಮಾಡಿ ಆನ್ ಮಾಡಿಸಿದೆ. ಒಂದು ಮೈಕಿಗೆ ನಾನು ಸೋಲೋದಾ ಅಂತ ಹಟ ಬಂದಿತ್ತು."

ಒಂದು ಬೆಳಿಗ್ಗೆ ಆಯಾ ಮ್ಯೂಟ್ ಒತ್ತುವುದನ್ನು ಮರೆತರು. ಅಕ್ಕನ ಕಿವಿಗೆ ಸ್ಪಷ್ಟವಾದ ಧ್ವನಿ ಬಿತ್ತು. ಆಯಾ ಹೊಸ ಭಾಷೆಯಲ್ಲಿ ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಿದ್ದರು: ಇಲ್ಲಿ ಕಿಟಕಿ ಇಲ್ಲ. ಕಿಟಕಿ ಇಲ್ಲಿ ಇಲ್ಲ. ಅವರು ಪಾಠಕ್ಕೆ ಕೂರುತ್ತಿದ್ದದ್ದು ಆಸ್ಪತ್ರೆಯ ನೆಲಮಾಳಿಗೆಯ ಬಟ್ಟೆ ಕೋಣೆಯಲ್ಲಿ. ಅದನ್ನು ಅಷ್ಟು ಜನರ ಮುಂದೆ ಹೇಳಲು ಅವರಿಗೆ ಸಂಕೋಚ.

"ಮೈಕ್ ಸರಿಯಾಗೇ ಇತ್ತು, ತಪ್ಪು ನನ್ನ ಪ್ರಶ್ನೆದು" ಎನ್ನುವಾಗ ಅಕ್ಕ ತಲೆ ಎತ್ತುವುದಿಲ್ಲ. "ಎಲ್ಲರಿಗೂ ಒಂದು ಕಿಟಕಿ ಇದ್ದೇ ಇರುತ್ತೆ ಅಂದ್ಕೊಂಡಿದ್ದೆ. ನಾಚಿಕೆ ಆಯ್ತು."

ಮರುದಿನ ಪ್ರಶ್ನೆ ಬದಲಾಯಿತು: ನಿಮ್ಮ ಎದುರಿಗೆ ಏನಿದೆ? ಆಯಾ ಮೈಕ್ ತೆರೆದು ಹೇಳಿದರು: ಅರವತ್ತು ದಿಂಬಿನ ಚೀಲ, ಎಲ್ಲಾ ನಾನೇ ಮಡಚಿದ್ದು. ತರಗತಿ ನಕ್ಕಿತು, ಅವರೂ ನಕ್ಕರು. ಅಲ್ಲಿಂದ ದಿನಾ ಮಾತಾಡಿದರು. ಪರೀಕ್ಷೆಯೂ ವಿಡಿಯೋ ಕರೆಯಲ್ಲೇ ನಡೆಯಿತು. ಕಳೆದ ವಾರ ಫಲಿತಾಂಶ ಬಂತು, ಪಾಸು. ಕೆಲಸ ಕಾಯಂ ಆಗಿ, ತರಗತಿಯ ಪಟ್ಟಿಯಿಂದ ಅವರ ಹೆಸರು ಹೋಗಿ ಮೂರು ದಿನವಾಗಿದೆ.

ಆದರೂ ಇವತ್ತು ಆರೂ ಇಪ್ಪತ್ತಕ್ಕೆ ಆ ಹೆಸರು ಬಾಗಿಲಲ್ಲಿ ನಿಂತಿದೆ. ಅಕ್ಕ ಒಳಗೆ ಬಿಟ್ಟುಕೊಳ್ಳುತ್ತಾರೆ. ಕ್ಯಾಮೆರಾ ತೆರೆದಿದೆ, ಆಯಾ ಅವರ ಹಿಂದೆ ವಾರ್ಡಿನ ಮಂಚಗಳು.

"ಈಗ ಮೂರನೇ ಮಹಡಿಗೆ ಹಾಕಿದ್ದಾರೆ" ಎನ್ನುತ್ತಾರೆ ಆಯಾ. "ಅಕ್ಕಾ, ಇವತ್ತೊಂದಿನ ಆ ಹಳೇ ಪ್ರಶ್ನೆನೇ ಕೇಳಿ."

ಅಕ್ಕ ಕೇಳುತ್ತಾರೆ. ಒಂದು ಗೋಡೆ, ಒಂದು ನೀರಿನ ಪೈಪು, ಪೈಪಿನ ಮೇಲೊಂದು ಬೆಕ್ಕು ಎಂದು ಆಯಾ ಹೊಸ ಭಾಷೆಯಲ್ಲಿ ತಡವರಿಸದೆ ಹೇಳಿ, ಡ್ಯೂಟಿಗೆ ಹೊತ್ತಾಯಿತೆಂದು ಹೊರಡುತ್ತಾರೆ. ಅಕ್ಕ ಪಟ್ಟಿಗೆ ನಲವತ್ತೊಂದನೇ ಸಾಲು ಸೇರಿಸಿ, ಆಯಾ ಅವರ ಹೆಸರಿನ ಮುಂದೆ ಬರೆಯುತ್ತಾರೆ: ಧ್ವನಿ ಸರಿಯಿದೆ.