ಸಾಧುವಿನ ಅಳುವಿಗೆ ಕಾದ ದೊಡ್ಡಮ್ಮ

ಒಂಬತ್ತು ತಿಂಗಳ ಆ ಹುಡುಗನಿಗೆ ಅಳು ಇಲ್ಲ.

ಬೆಳಗಿನ ಐದು ಮುಕ್ಕಾಲು. ಗಾರ್ಮೆಂಟ್ಸ್ ಕಾರ್ಖಾನೆಯ ಹಿಂದಿನ ಗೇಟಿನ ಪಕ್ಕ, ಹಿಂದೊಮ್ಮೆ ಬಟ್ಟೆಯ ಥಾನು ಪೇರಿಸುತ್ತಿದ್ದ ಉದ್ದನೆಯ ಕೋಣೆ. ಈಗ ಅದು ಕೂಸುಮನೆ. ಹೊಸ್ತಿಲಾಚೆ ಹೆಂಗಸರ ಸಾಲು, ಒಬ್ಬೊಬ್ಬರ ಸೊಂಟದಲ್ಲಿ ಒಂದೊಂದು ಮಗು. ಈಚೆ ಐವತ್ತೆರಡು ವರ್ಷದ ಆಯಾ ತೋಳು ಚಾಚಿ ನಿಂತಿದ್ದಾರೆ. ಎಲ್ಲರ ಬಾಯಲ್ಲೂ ಅವರು ದೊಡ್ಡಮ್ಮ. ಒಂದೊಂದು ಮಗು ಕೈಯಿಂದ ಕೈಗೆ ದಾಟಿದಾಗಲೂ ಒಂದೊಂದು ಚೀತ್ಕಾರ. ಆರನೆಯದು ಗುಂಡಿ ಹೊಲಿಯುವವಳ ಮಗ. ಅವನೂ ದಾಟುತ್ತಾನೆ. ಅಮ್ಮ ಹೋದ ಕಡೆ ತಿರುಗುವುದೂ ಇಲ್ಲ. ಸೂರಿನ ಫ್ಯಾನು ನೋಡುತ್ತ ಸುಮ್ಮನಿರುತ್ತಾನೆ.

“ಪುಣ್ಯ ಮಾಡಿದೀಯ ಕಣೇ,” ಸಾಲಿನಲ್ಲಿದ್ದ ಒಬ್ಬಾಕೆ ಹೊಟ್ಟೆ ಉರಿದುಕೊಂಡು ಹೊರಟ ತಾಯಿಗೆ ಹೇಳುತ್ತಾಳೆ. “ನಂದು ನೋಡು, ಕುತ್ತಿಗೆಗೆ ಜೋತುಬಿದ್ದ ಬೇತಾಳ.”

ಹುಡುಗನಿಗೆ ಈ ಸಾಲೇ ಇಟ್ಟ ಹೆಸರು ಸಾಧು. ಅದನ್ನು ಕೇಳಿದರೆ ದೊಡ್ಡಮ್ಮನಿಗೆ ಮೈ ಉರಿಯುತ್ತದೆ. “ಹಸು ಸಾಧು ಆಗಿರ್ಲಿ. ಕೂಸು ಯಾಕೆ ಸಾಧು ಆಗ್ಬೇಕು?”

ಎಂಟು ಒಂಬತ್ತು ತಿಂಗಳಿಗೆ ಮಗುವಿಗೆ ತನ್ನವರು ಯಾರು, ಹೊರಗಿನವರು ಯಾರು ಎಂದು ತಿಳಿಯುತ್ತದೆ. ತನ್ನವಳು ಕಣ್ಮರೆಯಾದರೆ ಅದು ಅಳುತ್ತದೆ. ಯಾರು ಹೋದರೆ ನಷ್ಟ ಎಂಬುದು ಅದಕ್ಕೆ ಗೊತ್ತಾಗಿದೆ ಎಂದರ್ಥ. ಇದನ್ನು ದೊಡ್ಡಮ್ಮನಿಗೆ ಯಾರೂ ಪಾಠ ಮಾಡಿಲ್ಲ. ಹದಿನೇಳು ವರ್ಷ ಇದೇ ಬಾಗಿಲಲ್ಲಿ ನಿಂತು ಕಂಡುಕೊಂಡದ್ದು.

ಮೊದಲು ಅವರು ಇದೇ ಕಾರ್ಖಾನೆಯಲ್ಲಿ ಇಸ್ತ್ರಿ ವಿಭಾಗದಲ್ಲಿದ್ದರು. ಬಲ ಮುಂಗೈ ಸುಟ್ಟ ಮೇಲೆ ಇಲ್ಲಿಗೆ ಕಳಿಸಿದರು. ಸದ್ದಿಲ್ಲದ ಕೋಣೆಯೇ ಒಳ್ಳೆಯ ಕೋಣೆ ಎಂದು ಆಗ ಅವರೂ ನಂಬಿದ್ದರು. ಮೂಲೆಯ ಚಾಪೆಯಲ್ಲಿ ಒಂದು ಹೆಣ್ಣು ಮಗು ಸುಮ್ಮನೆ ಮಲಗಿರುತ್ತಿತ್ತು. “ಅತ್ತೋರನ್ನ ಎತ್ಕೊಂಡೆ, ಅಳದೋಳನ್ನ ಬಿಟ್ಟೆ. ಇರೋದು ಎರಡೇ ಕೈ. ಮೂರು ವರ್ಷ ಆದ್ಮೇಲೆ ಇಲ್ಲಿಂದ ಹೋಗುವಾಗ ಅವಳು ಒಂದ್ಸಲ ತಿರುಗಿ ನೋಡ್ಲಿಲ್ಲ. ಎಲ್ರೂ ಧೈರ್ಯವಂತೆ ಅಂದ್ರು. ನಂಗೆ ಮಾತ್ರ ಗೊತ್ತಿತ್ತು, ತಿರುಗಿ ನೋಡೋಕೆ ಅವಳಿಗೆ ಇಲ್ಲಿ ಯಾರೂ ಇರ್ಲಿಲ್ಲ.”

ಅಂದಿನಿಂದ ಬಾಗಿಲಲ್ಲಿ ಒಂದು ಕಟ್ಟಳೆ ಇದೆ. ಯಾವ ತಾಯಿಯೂ ಮಗುವಿನ ಕಣ್ಣು ತಪ್ಪಿಸಿ ಜಾರಿಕೊಳ್ಳುವಂತಿಲ್ಲ. ಮುಖ ತೋರಿಸಿ, ‘ಹೋಗಿ ಬರ್ತೀನಿ’ ಎಂದು ಹೇಳಿಯೇ ಹೋಗಬೇಕು. ಸಂಜೆ ಬಂದಾಗ ‘ಬಂದೆ’ ಎನ್ನಬೇಕು. ಹಾಗಾಗಿ ದಿನವೂ ಬೆಳಿಗ್ಗೆ ಕಾಲು ಗಂಟೆ ಕಿವಿ ಹರಿದುಹೋಗುವ ಗಲಾಟೆ. ಗೋಡೆಯಾಚೆ ಮೇಲ್ವಿಚಾರಕರ ಕೋಣೆ. ಇನ್ನು ಇಪ್ಪತ್ತು ದಿನಕ್ಕೆ ಬಟ್ಟೆ ಕೊಳ್ಳುವ ಕಂಪನಿಯವರು ಕೂಸುಮನೆ ನೋಡಲು ಬರುತ್ತಾರೆ. ಅಂದು ಬಾಗಿಲಲ್ಲಿ ಅಳು ಕೇಳಿಸಿದರೆ ಬೇರೆ ಆಯಾ ಬರುತ್ತಾಳೆ ಎಂದು ಮೇಲ್ವಿಚಾರಕರು ಹೇಳಿಯಾಗಿದೆ. ಮಾದರಿ ಎಂದು ಅವರು ಬೆರಳು ತೋರಿಸಿದ್ದು ಸಾಧುವಿನ ಕಡೆಗೇ.

ವೈದ್ಯರು ಸಾಧುವಿನ ಕಿವಿ, ಕಣ್ಣು ಎರಡೂ ಸರಿಯಿವೆ ಎಂದಿದ್ದಾರೆ. ಆದರೆ ಅವನ ತಲೆಯ ಹಿಂಭಾಗ ಹಲಗೆಯಂತೆ ಚಪ್ಪಟೆ. ಆಸರೆಯಿಲ್ಲದೆ ಕೂರಲಾರ. ಅವನ ಕೈಲಿದ್ದ ಚಮಚವನ್ನು ತೆಗೆದು ಬಟ್ಟಲ ಕೆಳಗಿಟ್ಟರೆ ಹುಡುಕುವುದಿಲ್ಲ. ಕಾಣದ್ದು ಅವನ ಪಾಲಿಗೆ ಹೋದದ್ದೇ.

ಕಾರಣ, ಅವನು ಕೂಸುಮನೆಗೆ ಸೇರಿದ ಐದನೆಯ ದಿನ ತಾಯಿಯ ಬಾಯಿಂದ ಬರುತ್ತದೆ. ಆಕೆ ಕೆಲಸಕ್ಕೆ ಸೇರಿದಾಗ ಮಗುವಿಗೆ ಎರಡು ತಿಂಗಳು. ಸೇರಿ ಆರು ತಿಂಗಳಾಗದವರ ಮಕ್ಕಳನ್ನು ಕೂಸುಮನೆಗೆ ತೆಗೆದುಕೊಳ್ಳುವುದಿಲ್ಲ. ಆಮೇಲೆ ಅರ್ಜಿಗೆ ಸಹಿ ಬೀಳಲು ಇನ್ನೊಂದು ತಿಂಗಳು. ಅಷ್ಟೂ ದಿನ ಮಗು ಬೀಗ ಹಾಕಿದ ಬಾಡಿಗೆ ಕೋಣೆಯಲ್ಲಿ, ದಿಂಬಿಗೆ ಆನಿಸಿದ ಹಾಲಿನ ಬಾಟಲಿಯ ಜೊತೆ. ಮಧ್ಯಾಹ್ನ ಒಮ್ಮೆ ಮನೆಯೊಡತಿ ಬೀಗ ತೆಗೆದು ಬಟ್ಟೆ ಬದಲಿಸುತ್ತಿದ್ದಳು.

“ಮೊದಮೊದಲು ಬೀದಿ ಕೊನೇವರೆಗೂ ಅಳು ಕೇಳ್ತಿತ್ತು ದೊಡ್ಡಮ್ಮಾ,” ಎನ್ನುತ್ತಾಳೆ ತಾಯಿ. “ನಾಲ್ಕನೇ ತಿಂಗಳಲ್ಲಿ ನಿಂತೋಯ್ತು. ರೂಢಿ ಆಯ್ತು ಅಂದ್ಕೊಂಡೆ.”

ದೊಡ್ಡಮ್ಮ ಬೈಯುವುದಿಲ್ಲ. ಬೈದರೆ ನಾಳೆ ಈಕೆ ಈ ಕಡೆ ತಲೆ ಹಾಕುವುದಿಲ್ಲ, ಮಗು ಮತ್ತೆ ಬೀಗದೊಳಗೆ. ಸಂಜೆ ಹತ್ತು ನಿಮಿಷ, ಪಾತ್ರೆ ಫೋನು ಏನೂ ಮುಟ್ಟದೆ, ಅವನ ಮುಖಕ್ಕೆ ಮುಖ ಕೊಟ್ಟು ಕೂರಬೇಕು ಎಂದಷ್ಟೇ ಹೇಳುತ್ತಾರೆ. “ಬಾಯಿದ್ದೋನು ಬರಗಾಲದಲ್ಲೂ ಬದುಕ್ತಾನಂತೆ. ಇವನ ಬಾಯಿ ಮೊದ್ಲು ಬಿಡಿಸ್ಬೇಕು.”

ಕೂಸುಮನೆಯಲ್ಲಿ ಹತ್ತೊಂಬತ್ತು ಮಕ್ಕಳು. ವರ್ಷ ತುಂಬದವು ಆರು. ದಿನಕ್ಕೆ ಮೂವತ್ತಕ್ಕೂ ಹೆಚ್ಚು ಸಲ ಬಟ್ಟೆ ಬದಲಿಸಬೇಕು, ನಲವತ್ತರ ಹತ್ತಿರ ಹಾಲಿನ ಬಾಟಲಿ. ಇನ್ನೊಬ್ಬ ಆಯಾಗೆ ತೊಳೆಯುವುದರಲ್ಲೇ ಹೊತ್ತು ಹೋಗುತ್ತದೆ. ಇದರ ನಡುವೆ ದೊಡ್ಡಮ್ಮ ಸಾಧುವನ್ನು ಸೊಂಟದಲ್ಲಿ ಹೊತ್ತೇ ಓಡಾಡುತ್ತಾರೆ. ಕೆಳಗಿಟ್ಟಾಗ ಅವನು ಕೆಮ್ಮಿದರೂ, ಬಾಯಿ ಚಪ್ಪರಿಸಿದರೂ, ಐದು ಎಣಿಸುವುದರೊಳಗೆ ಅವನ ಮುಂದೆ ಇರುತ್ತಾರೆ. ಎಂಜಲು ಕೈಯಲ್ಲೂ ಓಡಿದ್ದುಂಟು. ಟವಲಿನಲ್ಲಿ ಮುಖ ಮುಚ್ಚಿ, ತೆಗೆದು, ಮತ್ತೆ ಮುಚ್ಚುತ್ತಾರೆ. “ಹೋದೋರು ಬರ್ತಾರೆ ಅಂತ ಗೊತ್ತಾಗ್ಲಿ. ಕೂಗಿದ್ರೂ ಬರ್ತಾರೆ ಅಂತ ಗೊತ್ತಾಗ್ಲಿ.”

ಹನ್ನೆರಡನೆಯ ದಿನ ಅವನು ಆಸರೆಯಿಲ್ಲದೆ ಕೂರುತ್ತಾನೆ. ಹದಿನೇಳನೆಯ ದಿನ ಬಟ್ಟಲು ಎತ್ತಿ ಚಮಚ ಹುಡುಕಿ ಬಾಯಿಗಿಟ್ಟುಕೊಳ್ಳುತ್ತಾನೆ. ಸಂಜೆ ಅದನ್ನು ಕೇಳಿದ ತಾಯಿ ನಗುವುದಿಲ್ಲ. ಬಾಗಿಲಲ್ಲಿ ಈಗಲೂ ಅವನದು ಅದೇ ಮೌನ. ಹಿಂದೆ ಆ ಮೌನದಿಂದ ನಿರಾಳವಾಗುತ್ತಿದ್ದವಳಿಗೆ ಈಗ ಅದೇ ಭಯ. “ನನ್ನ ಮರ್ತೇಬಿಟ್ನಾ ದೊಡ್ಡಮ್ಮಾ?”

ಕಂಪನಿಯವರು ಬರುವ ದಿನ. ಮೇಲ್ವಿಚಾರಕರು ಬೆಳಿಗ್ಗೆ ಐದೂವರೆಗೇ ಬಾಗಿಲಲ್ಲಿದ್ದಾರೆ. ಮಗು ಕೊಟ್ಟು, ತಿರುಗಿ ನೋಡದೆ, ಮಾತಾಡದೆ ಹೋಗಬೇಕು ಎಂದು ಸಾಲಿಗೆ ಕಟ್ಟಪ್ಪಣೆ. ಮೊದಲ ಐದು ತಾಯಂದಿರು ಹಾಗೇ ಮಾಡುತ್ತಾರೆ. ಗುಂಡಿ ಹೊಲಿಯುವವಳು ಮಗನನ್ನು ಕೊಟ್ಟು ದೊಡ್ಡಮ್ಮನ ಮುಖ ನೋಡುತ್ತಾಳೆ. ದೊಡ್ಡಮ್ಮ ಹುಡುಗನನ್ನು ಅವಳ ಕಡೆಗೆ ತಿರುಗಿಸಿ ಹಿಡಿಯುತ್ತಾರೆ.

“ಹೋಗಿ ಬರ್ತೀನಿ,” ಎನ್ನುತ್ತಾಳೆ ತಾಯಿ. ನಾಲ್ಕು ಹೆಜ್ಜೆ ಹೋಗುತ್ತಾಳೆ.

ಹುಡುಗನ ಕೆಳದುಟಿ ಮುಂದೆ ಬರುತ್ತದೆ. ಉಸಿರು ಒಳಗೆಳೆದುಕೊಳ್ಳುತ್ತಾನೆ, ಬಿಡುವುದೇ ಇಲ್ಲ. ಮುಖ ಕೆಂಪಾಗುತ್ತದೆ. ಆಮೇಲೆ ಹೊರಡುವ ಸದ್ದಿಗೆ ಕೋಣೆಯ ಉಳಿದ ಮಕ್ಕಳೆಲ್ಲ ಬಾಯಿ ಮುಚ್ಚುತ್ತವೆ. ತಾಯಿ ನಿಂತಲ್ಲೇ ನಿಲ್ಲುತ್ತಾಳೆ. ಮರಳಿ ಬಂದು ಮಗನನ್ನು ಕಿತ್ತುಕೊಳ್ಳುತ್ತಾಳೆ. ಅವನ ಎರಡೂ ಮುಷ್ಟಿಯಲ್ಲಿ ಅವಳ ಕೂದಲು.

“ಏನಮ್ಮಾ ಇದು?” ಮೇಲ್ವಿಚಾರಕರ ದನಿ ಗಡಸು.

“ಗಂಟಲು ಚೆನ್ನಾಗಿದೆ ಸಾರ್,” ಎನ್ನುತ್ತಾರೆ ದೊಡ್ಡಮ್ಮ.

ಬಂದವರು ಹತ್ತು ನಿಮಿಷ ನೋಡಿ ಹೋಗುತ್ತಾರೆ. ಬೇರೆ ಆಯಾ ಬರುವ ಮಾತು ಇನ್ನೂ ನಿಂತಿಲ್ಲ. ತಮ್ಮನ್ನು ಕಳಿಸುವುದಾದರೆ ಹುಡುಗ ನಡೆಯುವವರೆಗೆ ತಡೆದು ಕಳಿಸಲಿ, ದೊಡ್ಡಮ್ಮ ಕೇಳುವುದು ಅಷ್ಟೇ. ಸಾಧು ಎಂಬ ಹೆಸರು ಸಾಲಿನಲ್ಲಿ ಈಗ ಬಿದ್ದುಹೋಗಿದೆ. ಅವನೂ ಬೇತಾಳರ ಗುಂಪಿಗೆ ಸೇರಿದ್ದಾನೆ.

ಬೀಗದ ಕೋಣೆಯಲ್ಲಿ ಹುಡುಗ ಕಳೆದುಕೊಂಡದ್ದೆಲ್ಲ ವಾಪಸು ಬರುತ್ತದೆಯೇ ಎಂದು ಕೇಳಿದರೆ ದೊಡ್ಡಮ್ಮ ಸುಟ್ಟ ಕೈಯ ಬೆರಳು ಮಡಿಸುತ್ತಾರೆ, ಆ ಕೈ ಸಾಲದೆ ಇನ್ನೊಂದರದ್ದು ಎರಡು. “ಬರೋದು ಬರುತ್ತೆ. ಹೋಗಿದ್ದು ಏಳು ತಿಂಗಳು. ದಿನಕ್ಕೆ ಹತ್ತು ಗಂಟೆ.”