ಅಮ್ಮನ ಹಂಚಿನ ಮೇಲಿನ ಮೇಣ

ನನ್ನ ಅಡಿಗೆಮನೆಗೆ ನೀವು ಎಂದಾದರೂ ಬಂದರೆ, ಒಲೆಯಿಂದ ಇಳಿಸಿದ ಕಾಫಿ ಪಾತ್ರೆಯನ್ನು ನಾನು ಒಂದು ಚಪ್ಪಟೆ ಹಂಚಿನ ಮೇಲೆ ಇಡುವುದನ್ನು ಕಾಣುವಿರಿ. ಪಾತ್ರೆ ಎತ್ತಿದರೆ ಅಕ್ಷರಗಳು ಕಾಣುತ್ತವೆ: ‘ಮಾರ್ತ. ಕೃಪೆಯಿಂದಲೇ.’ ಮಾರ್ತ ನನ್ನ ಅಮ್ಮ. ಹೆತ್ತವಳ ಹೆಸರಿನ ಮೇಲೆ ಮಸಿ ಹಿಡಿದ ಪಾತ್ರೆ ಇಡುವ ಮಗಳು ಎಂಥವಳು ಎಂದು ಹುಬ್ಬೇರಿಸಬೇಡಿ. ಇಪ್ಪತ್ತೆರಡು ವರ್ಷ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ, ತಲೆಯ ಮೇಲೆ ಸಿಂಬೆ ಇಟ್ಟು ಹಂಚು ಹೊತ್ತವಳಿಗೆ ಒಂದು ಕಾಫಿ ಪಾತ್ರೆ ಭಾರವಾಗಲಾರದು.

ಅವಳು ತೀರಿಕೊಂಡಾಗ ಸಮಾಧಿಗೆ ಕಲ್ಲು ಕೆತ್ತಿಸುವ ಶಕ್ತಿ ನಮಗಿರಲಿಲ್ಲ. ಜೊತೆಗೆ ದುಡಿದ ಹೆಂಗಸರು ಹಸಿ ಮಣ್ಣಿನಲ್ಲಿ ಈ ಅಕ್ಷರಗಳನ್ನೇ ಕೊರೆದು ಎರಡು ಹಂಚು ಮಾಡಿದರು, ಭಟ್ಟಿಯ ಬೆಂಕಿಯಿಂದ ಒಂದಾದರೂ ಸರಿಯಾಗಿ ಬರಲಿ ಎಂದು. ಭಟ್ಟಿಯ ಮೇಸ್ತ್ರಿಯೂ ನಮ್ಮ ಚರ್ಚಿನ ಸಭೆಯ ಹಿರಿಯರೂ ಆದ ಮೋಶೆ ಮೇಸ್ತ್ರಿಗಳು, ದಿನವೂ ಹಂಚು ಆರಿಸುವ ಹಾಗೆಯೇ, ಎರಡನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ‘ಠಣ್’ ಎಂದದ್ದು ಸಮಾಧಿಗೆ ಹೋಯಿತು. ‘ದಬ್’ ಎಂದದ್ದು, ಒಳಬಿರುಕಿನದು, ನನ್ನ ಕೈಗೆ ಬಂತು. ಕೊಡುವಾಗ ಅವರ ಕಣ್ಣು ಒದ್ದೆಯಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಅವರ ಮೇಲೆ ನಿಮಗೆ ಸಿಟ್ಟು ಬಂದೀತು.

ನಾವು ಪ್ರೊಟೆಸ್ಟೆಂಟರು. ಮನುಷ್ಯನಿಗೆ ರಕ್ಷಣೆ ದೇವರ ಕೃಪೆಯಿಂದ, ನಂಬಿಕೆಯ ಮೂಲಕ. ಸತ್ಕ್ರಿಯೆ ಅದರ ಫಲವೇ ಹೊರತು ಕಾರಣವಲ್ಲ. ಉಸಿರು ನಿಂತವನಿಗಾಗಿ ಉಳಿದವರು ಮಾಡುವಂಥದ್ದು ಏನೂ ಇಲ್ಲ. ಹೀಗೆಂದು ನಾವು ಹಾಲುಹಲ್ಲಿನ ಕಾಲದಿಂದ ಬಾಯಿಪಾಠ ಮಾಡಿದವರು. ಬೇಲಿಯಾಚೆಯ ಕಥೋಲಿಕರಿಗೂ ಮೊದಲು ಕೃಪೆಯೇ. ಆದರೆ ಅದರೊಡನೆ ಮನುಷ್ಯನ ಕ್ರಿಯೆಯೂ ಕೈಜೋಡಿಸಬೇಕು, ಸತ್ತ ಮೇಲೆ ಆತ್ಮ ಶುದ್ಧೀಕರಣದ ಬೆಂಕಿ ದಾಟಬೇಕು, ದಾಟುವವರಿಗೆ ಬದುಕಿರುವವರ ಪ್ರಾರ್ಥನೆ ಆಸರೆಯಾಗಬೇಕು. ಚಿಕ್ಕಂದಿನಲ್ಲಿ ನನಗೊಂದು ಬಗೆಹರಿಯುತ್ತಿರಲಿಲ್ಲ. ಕ್ರಿಯೆಯಿಂದ ಏನೂ ಆಗದೆನ್ನುವ ನಮ್ಮವರು ಕಾರ್ಖಾನೆಯ ಸೀಟಿಗೂ ಮೊದಲೇ ಬಾಗಿಲಲ್ಲಿ ನಿಂತಿರುತ್ತಿದ್ದರು; ಕ್ರಿಯೆ ಬೇಕೇ ಬೇಕೆನ್ನುವ ಕರ್ಮಿನ್ ಬಾಯಿ ಜಗಲಿಯಲ್ಲಿ ಜಪಮಾಲೆ ಹಿಡಿದು ದಿನವಿಡೀ ಕರುಣೆ ಬೇಡುತ್ತಿದ್ದರು.

ಕರ್ಮಿನ್ ಬಾಯಿ ನಮ್ಮ ನೆರೆಯ ಕೊಂಕಣಿ ವಿಧವೆ. ಹಂಚು ಹೊರುವವಳ ಮಗಳಿಗೆ ಕಾಲೇಜು ಯಾಕೆ ಎಂದು ನಮ್ಮ ಸಭೆ ಮೂಗು ಮುರಿದಾಗ, ನನ್ನ ಕೈ ಹಿಡಿದು ಮದರ್‌ಗಳ, ಅಂದರೆ ಕಥೋಲಿಕ ಸನ್ಯಾಸಿನಿಯರ, ಕಾಲೇಜಿನ ಬಾಗಿಲು ತಟ್ಟಿದವರು ಅವರು. ನಮ್ಮ ಕುಟುಂಬದಲ್ಲಿ ಅಕ್ಷರ ಕಲಿತವರಲ್ಲಿ ಅಮ್ಮ ಮೊದಲಿಗಳು, ಅದೂ ಭಾನುವಾರದ ಶಾಲೆಯಲ್ಲಿ, ಬಿ.ಎ. ಮಾಡಿದವರಲ್ಲಿ ನಾನು ಮೊದಲಿಗಳು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆ ಎರಡು ಅಕ್ಷರಗಳ ಹಿಂದೆ ಅಮ್ಮನ ಬೋಳಾದ ನೆತ್ತಿಯಿದೆ. ಮೂಗು ಮುರಿದ ಸಭೆಯೇ ಕೊನೆಗೆ ನನ್ನನ್ನು ಕರೆದು ತನ್ನ ಶಾಲೆಯಲ್ಲಿ ಟೀಚರ್ ಮಾಡಿತು.

ಅಮ್ಮ ಹೋದ ವರ್ಷದ ನವೆಂಬರಿನಲ್ಲಿ, ಕಥೋಲಿಕರು ತಮ್ಮ ಸತ್ತವರನ್ನು ನೆನೆಯುವ ದಿನ, ಕರ್ಮಿನ್ ಬಾಯಿ ಗಂಡನ ಸಮಾಧಿಗೊಂದು ಮೇಣದಬತ್ತಿ ಹಚ್ಚಿ, ಇನ್ನೊಂದನ್ನು ಸೆರಗಿನಲ್ಲಿ ಮರೆಮಾಡಿ ನಮ್ಮ ಸ್ಮಶಾನಕ್ಕೆ ಬಂದರು. ಅಮ್ಮನ ಹಂಚಿನ ಮೇಲೆ ಉರಿಸಿಟ್ಟು ಹೋದರು. ಮುಂದಿನ ಭಾನುವಾರ ಆರಾಧನೆ ಮುಗಿಸಿ ಬಂದವರಿಗೆ ಕಂಡದ್ದು, ‘ಕೃಪೆಯಿಂದಲೇ’ ಎಂಬ ಅಕ್ಷರಗಳ ಮೇಲೆಯೇ ಹೆಪ್ಪುಗಟ್ಟಿದ ಮೇಣ.

ಹಿರಿಯರ ಅಪ್ಪಣೆ ಸಂಜೆಗೆ ಬಂತು. ಮಗಳು ತನ್ನ ಕೈಯಾರೆ ಮೇಣ ಕೆರೆದು ತೆಗೆಯಬೇಕು, ಸತ್ತವರಿಗಾಗಿ ಬತ್ತಿ ಹಚ್ಚುವುದು ತಪ್ಪೆಂದು ಸಭೆಯ ಪುಸ್ತಕದಲ್ಲಿ ಸಹಿ ಹಾಕಬೇಕು. ಶನಿವಾರದೊಳಗೆ ಆಗದಿದ್ದರೆ ಆರಾಧನೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಹೋಗುವಂತಿಲ್ಲ, ಶಾಲೆಗೂ ಬರಬೇಕಾಗಿಲ್ಲ.

ನನಗೆ ಸಿಟ್ಟು ಬಂದದ್ದು ಮೊದಲು ಕರ್ಮಿನ್ ಬಾಯಿಯ ಮೇಲೆ. ಅವರು ಹಿತ್ತಿಲಲ್ಲಿ ಬಂಗುಡೆ ಮೀನು ಕೊಯ್ಯುತ್ತಿದ್ದರು.

“ಎಂತ ಮಗಾ, ಮುಖ ಒಣಮೆಣಸಿನ ಹಾಗೆ ಮಾಡಿಕೊಂಡು ಬಂದದ್ದು?”

“ಅಮ್ಮನಿಗೆ ನಿಮ್ಮ ಬತ್ತಿ ಬೇಕಿರಲಿಲ್ಲ, ಬಾಯಿ. ಅವಳು ಸೀದಾ ದೇವರ ಹತ್ತಿರ ಹೋಗಿದ್ದಾಳೆ.”

“ಹೋಗಿದ್ದರೆ ಒಳ್ಳೇದೇ ಆಯ್ತಲ್ಲ. ಹೆಚ್ಚಾದದ್ದು ಯಾರೂ ಇಲ್ಲದ ಆತ್ಮಕ್ಕೆ ಹೋಗ್ತದೆ, ಹಾಳಾಗುದಿಲ್ಲ.” ಅವರ ಕತ್ತಿ ನಿಲ್ಲಲಿಲ್ಲ. “ನಿನ್ನ ಅಮ್ಮ ಬೇಲಿ ಮೇಲಿಂದ ಸಾರು ಕೊಡುವಾಗ, ನಿನ್ನಲ್ಲಿ ಸಾರು ಉಂಟಾ ಇಲ್ವಾ ಅಂತ ಒಮ್ಮೆಯಾದರೂ ಕೇಳಿದ್ದಾಳಾ?”

ನಾನು ಅಪ್ಪಣೆಯ ಸಂಗತಿ ಹೇಳಿದೆ. ಕತ್ತಿ ಆಗ ನಿಂತಿತು. “ನಾನೇ ಬಂದು ಕೆರೆದು ತೆಗೀತೇನೆ, ಮಗಾ. ಬೇಕಾದರೆ ನಿಮ್ಮ ಮೇಸ್ತ್ರಿಯ ಎದುರೇ ತೆಗೀತೇನೆ. ನಿನ್ನ ಕೆಲಸ ಹೋಗುದು ಬೇಡ.”

ಆ ಮಾತು ಕೇಳುವ ತನಕ ನಾನು ಕೆರೆಯುವವಳೇ ಇದ್ದೆ. ಕೇಳಿದ ಮೇಲೆ ಆಗಲಿಲ್ಲ.

ಶನಿವಾರ ಹಿರಿಯರ ಮುಂದೆ ನಿಂತು ಹೇಳಿದೆ: “ಆ ಬತ್ತಿ ಅಮ್ಮನನ್ನು ಸ್ವರ್ಗದ ಕಡೆಗೆ ಒಂದಂಗುಲವೂ ಸರಿಸಿಲ್ಲ ಅಂತ ನಾನೂ ನಂಬ್ತೇನೆ. ಆದರೆ ಮೇಣ ಕೆರೆಯುದಿಲ್ಲ. ಹಚ್ಚಿದವರು ತಪ್ಪು ಮಾಡಿದ್ದಾರೆ ಅಂತ ಸಹಿಯೂ ಹಾಕುದಿಲ್ಲ.”

“ನಂಬುದಿಲ್ಲ ಅಂದ ಮೇಲೆ ಕೆರೆಯಲಿಕ್ಕೆ ಎಂತ ಮಾರಾಯ್ತಿ?” ಎಂದರು ಮೋಶೆ ಮೇಸ್ತ್ರಿಗಳು. ಅವರ ದನಿಯಲ್ಲಿ ಗದರಿಕೆಗಿಂತ ಬೇಡಿಕೆಯೇ ಹೆಚ್ಚಿತ್ತು.

“ಕೇಳದೆ ಬರುವುದು, ಯೋಗ್ಯತೆ ನೋಡದೆ ಬರುವುದು ಕೃಪೆ ಅಂತ ಭಾನುವಾರದ ಶಾಲೆಯಲ್ಲಿ ನನಗೆ ಕಲಿಸಿದ್ದು ನೀವೇ, ಮೇಸ್ತ್ರಿಗಳೇ. ಈ ಮೇಣವನ್ನು ಅಮ್ಮ ಕೇಳಿರಲಿಲ್ಲ.”

ಮೂಲೆಯಿಂದ ಒಬ್ಬರು ನಕ್ಕರು. “ಮದರ್‌ಗಳ ಹತ್ತಿರ ಓದಿದ ಫಲ!”

“ಫಲವಾದರೂ ಉಂಟಲ್ಲ” ಎಂದು ಹೇಳಿ ಹೊರಗೆ ಬಂದೆ.

ಕೆಲಸ ಹೋಯಿತು. ಪ್ರೊಟೆಸ್ಟೆಂಟಳ ಗೋರಿಗೆ ಬತ್ತಿ ಹಚ್ಚಿದ್ದಕ್ಕೆ ಕರ್ಮಿನ್ ಬಾಯಿಗೆ ಅವರ ಪಾದ್ರಿಗಳಿಂದಲೂ ಛೀಮಾರಿ ಸಿಕ್ಕಿತು. ಹೀಗೆ ನಾಲ್ಕು ಶತಮಾನಗಳಿಂದ ಯಾವುದರಲ್ಲೂ ಒಪ್ಪದ ಎರಡು ಪಕ್ಷಗಳು ಒಂದು ಮೇಣದಬತ್ತಿಯ ವಿಷಯದಲ್ಲಿ ಒಪ್ಪಿದವು. ಅಮ್ಮನಿಗೆ ಗೊತ್ತಾಗಿದ್ದರೆ ಸಿಂಬೆ ಬೀಳುವಷ್ಟು ನಗುತ್ತಿದ್ದಳು. ನಾನು ಸಭೆ ಬಿಡಲಿಲ್ಲ. ಯಾಕೆ ಬಿಡಬೇಕು? ನಮ್ಮವರ ಬೋಧನೆಯಲ್ಲಿ ನನಗೆ ಇಂದಿಗೂ ತಪ್ಪು ಕಾಣುವುದಿಲ್ಲ. ಕೃಪೆಯನ್ನು ಕಾಯಲು ಮೇಣ ಕೆರೆಯುವ ಚೂರಿ ಬೇಕೆಂದುಕೊಂಡದ್ದು ಮಾತ್ರ ತಪ್ಪು. ಈಗ ದಿನವೂ ಪಡೀಲಿನ ಸರಕಾರಿ ಬೋರ್ಡ್ ಶಾಲೆಗೆ ನಡೆದುಹೋಗಿ ಪಾಠ ಮಾಡುತ್ತೇನೆ. ಭಾನುವಾರ ಮುಂದಿನ ಬೆಂಚಿನ ತುದಿಯಲ್ಲೇ ಕುಳಿತು, ಭೋಜನಕ್ಕೆ ಏಳುವವರಿಗೆ ಮೊಣಕಾಲು ಸರಿಸಿ ದಾರಿ ಕೊಡುತ್ತೇನೆ. ನನ್ನನ್ನು ದಾಟದೆ ಯಾರೂ ಕರ್ತನ ಮೇಜಿಗೆ ಹೋಗಲಾರರು.

ಮೂರು ಮಳೆಗಾಲ ಕಳೆದ ಮೇಲೆ, ಮೊನ್ನೆ, ಮೋಶೆ ಮೇಸ್ತ್ರಿಗಳು ನಮ್ಮ ಮನೆಯ ಮೆಟ್ಟಿಲು ಹತ್ತಿದರು. ಸ್ಮಶಾನದ ಹುಲ್ಲು ತೆಗೆಸಿ ಬಂದಿದ್ದರು. ಅಡಿಗೆಮನೆಯ ಮಣೆಯ ಮೇಲೆ ಕುಳಿತು, “ಎಲ್ಲರ ಹಂಚಿಗೂ ಪಾಚಿ ಹಿಡಿದಿದೆ. ಮಾರ್ತಕ್ಕನ ಹೆಸರಿಗೂ ಹಿಡಿದಿದೆ. ಮೇಣ ಮೆತ್ತಿದ ಅಕ್ಷರ ಮಾತ್ರ ಕೆಂಪಗೆ ಉಂಟು, ಓದಲಿಕ್ಕೆ ಬರ್ತದೆ” ಎಂದರು. ನಾನು ಕಾಫಿ ಬಗ್ಗಿಸಲು ಪಾತ್ರೆ ಎತ್ತಿದೆ. ಅವರ ಕೈ ಅಭ್ಯಾಸಬಲದಿಂದ ಹಂಚಿನ ಮೇಲೆ ಹೋಗಿ ಗೆಣ್ಣಿನಿಂದ ತಟ್ಟಿತು. ದಬ್.

“ಬಿರುಕಿನದ್ದನ್ನು ಇನ್ನೂ ಇಟ್ಟುಕೊಂಡಿದ್ದೀಯಾ?”

“ನೀವು ಕೊಟ್ಟದ್ದಲ್ವಾ? ನಾನು ತಟ್ಟಿ ನೋಡಲಿಲ್ಲ.”

ಅವರು ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೋದರು. ನಾನು ಪಾತ್ರೆಯನ್ನು ಮತ್ತೆ ಅಮ್ಮನ ಹೆಸರಿನ ಮೇಲೆ ಇಟ್ಟೆ. ಸಹಿ ಇನ್ನೂ ಹಾಕಿಲ್ಲ.